ಹಡಗಿಗೂ ದೋಣಿಗೂ ನಡುವೆ ಒಂದು ಹೆಜ್ಜೆ

ಹಡಗಿನ ಪಕ್ಕೆಯಲ್ಲೊಂದು ಕಬ್ಬಿಣದ ಬಾಗಿಲು. ಹೊಸ್ತಿಲಿನಾಚೆ ನೇರ ಸಮುದ್ರ. ಕೆಳಗೊಂದು ಮೋಟರು ದೋಣಿ ಕುಣಿಯುತ್ತಿದೆ. ಒಮ್ಮೆ ನಮ್ಮ ಪಾದದ ಮಟ್ಟಕ್ಕೇ ಏರಿ ಬರುತ್ತದೆ, ಕಣ್ಣು ಮಿಟುಕಿಸುವುದರೊಳಗೆ ಒಂದಾಳುದ್ದ ಕೆಳಕ್ಕೆ ಜಾರುತ್ತದೆ. ಹಿಂದೆ ಸಾಲುಗಟ್ಟಿದವರ ಬ್ಯಾಗುಗಳು ಬೆನ್ನಿಗೆ ಒತ್ತುತ್ತಿವೆ. ನಾನು ಕೈ ಚಾಚಿದೆ. ದೋಣಿಯಲ್ಲಿದ್ದ ನಡುವಯಸ್ಸಿನ ನಾವಿಕ ತಲೆಯಾಡಿಸಿ, ನನ್ನ ಬೆರಳು ಬಿಟ್ಟು ಮಣಿಕಟ್ಟು ಹಿಡಿದ. ಬೆವರಿದ ಬೆರಳು ಜಾರುತ್ತದೆ, ಮಣಿಕಟ್ಟು ಜಾರುವುದಿಲ್ಲ. "ಈಗ ಬೇಡ, ಈಗ ಬೇಡ" ಎಂದು ತನ್ನ ಮಲಯಾಳದಲ್ಲಿ ಹೇಳುತ್ತಲೇ ಇದ್ದವನು ದೋಣಿ ಏರಿ ಬಂದ ಕ್ಷಣಕ್ಕೆ "ಈಗ" ಎಂದ. ಕಾಲಿಟ್ಟೆ. ನಾನು ಹಾರಲೇ ಇಲ್ಲ. ದೋಣಿಯೇ ಬಂದು ನನ್ನನ್ನು ಎತ್ತಿಕೊಂಡಿತು.

ನನ್ನ ಬೆನ್ನಿಗೇ ದ್ವೀಪದ ಅಜ್ಜಿಯೊಬ್ಬರು ಬಂದರು. ಒಂದು ಕೈಯಲ್ಲಿ ಕೊಚ್ಚಿಯಿಂದ ತಂದ ಬಟ್ಟೆಯ ಗಂಟು, ಇನ್ನೊಂದರಲ್ಲಿ ಬಿಸ್ಕತ್ತಿನ ಡಬ್ಬ. ಯಾರ ಕೈಯನ್ನೂ ಹಿಡಿಯದೆ, ತಮ್ಮ ಮನೆಯ ಜಗಲಿ ಇಳಿದಂತೆ ಇಳಿದರು. ಇಳಿದವರು ಮೊದಲು ಮಾಡಿದ ಕೆಲಸ, ದೋಣಿಯ ಅಂಚನ್ನು ಬಿಗಿಯಾಗಿ ಹಿಡಿದು ಕುಳಿತಿದ್ದ ನಮ್ಮನ್ನೆಲ್ಲ ನೋಡಿ ನಕ್ಕಿದ್ದು.

ಲಕ್ಷದ್ವೀಪಕ್ಕೆ ಹೋಗಿ ಬಂದವರು ನೀಲಿ ನೀರಿನ, ಬಿಳಿ ಮರಳಿನ ಚಿತ್ರ ತೋರಿಸುತ್ತಾರೆ. ನಾನೂ ತೋರಿಸುತ್ತೇನೆ. ಆದರೆ ನೆನಪಿನಲ್ಲಿ ಉಳಿದಿರುವುದು ಆ ಒಂದು ಹೆಜ್ಜೆ. ಐದು ದಿನದ ಪ್ರವಾಸದಲ್ಲಿ ಮೂರು ದ್ವೀಪ. ಪ್ರತಿ ದ್ವೀಪಕ್ಕೂ ಇಳಿಯಲೊಮ್ಮೆ, ಹತ್ತಲೊಮ್ಮೆ. ರಾತ್ರಿ ಹಡಗಿನಲ್ಲಿ ನಿದ್ದೆ, ಬೆಳಿಗ್ಗೆ ಕಣ್ಣು ಬಿಟ್ಟರೆ ಕಿಟಕಿಯಾಚೆ ತೆಂಗಿನ ಗೆರೆಯೊಂದು ಸಮುದ್ರದ ಮೇಲೆ ತೇಲುತ್ತಿರುತ್ತದೆ. ಹಡಗು ಅದನ್ನು ಮುಟ್ಟದೆ ದೂರದಲ್ಲೇ ನಿಲ್ಲುತ್ತದೆ.

ಉಂಗುರದ ಮೇಲಿನ ಊರು

ಹಡಗು ದಡಕ್ಕೆ ಯಾಕೆ ಹೋಗುವುದಿಲ್ಲ ಎಂಬ ಪ್ರಶ್ನೆಗೆ ಉತ್ತರ ಈ ದ್ವೀಪಗಳ ಹುಟ್ಟಿನಲ್ಲೇ ಇದೆ. ಇಲ್ಲಿ ಬೆಟ್ಟವಿಲ್ಲ, ಬಂಡೆಯಿಲ್ಲ, ನದಿಯಿಲ್ಲ. ಇರುವುದೆಲ್ಲ ಹವಳದ ಹುಳುಗಳು ಕಟ್ಟಿದ್ದು. ಸಮುದ್ರದಲ್ಲಿ ಮುಳುಗುತ್ತಾ ಹೋದ ಜ್ವಾಲಾಮುಖಿಯ ಅಂಚಿನಲ್ಲಿ ಹವಳ ಮೇಲಕ್ಕೆ ಬೆಳೆಯುತ್ತಾ ಹೋಗುತ್ತದೆ. ಕೊನೆಗೆ ಬೆಟ್ಟ ಕಾಣೆಯಾಗಿ ಹವಳದ ಉಂಗುರವಷ್ಟೇ ಉಳಿಯುತ್ತದೆ ಎಂದು ಚಾರ್ಲ್ಸ್ ಡಾರ್ವಿನ್ 1842ರಲ್ಲೇ ಬರೆದಿದ್ದ. ಆ ಉಂಗುರದ ಮೇಲೆ ಅಲೆಗಳು ಹವಳದ ಪುಡಿಯನ್ನು ರಾಶಿ ಹಾಕಿದ ಕಡೆ ದ್ವೀಪ. ಉಂಗುರದ ಒಳಗೆ ಲಗೂನು, ಅಂದರೆ ಕೆರೆಯಂತೆ ತಣ್ಣಗೆ ಮಲಗಿದ, ಸೊಂಟದಷ್ಟು ನೀರಿನ ಸಮುದ್ರ. ಉಂಗುರದ ಹೊರಗೆ ನೀರು ಒಮ್ಮೆಲೇ ಆಳಕ್ಕೆ ಬೀಳುತ್ತದೆ.

ಹಡಗಿಗೆ ಒಳಗೆ ಆಳ ಸಾಲದು, ಹೊರಗೆ ಆಸರೆಯಿಲ್ಲ. ಹಾಗಾಗಿ ಅದು ಉಂಗುರದಾಚೆ ನಿಂತು ದೋಣಿಗಾಗಿ ಕಾಯಬೇಕು. ದೋಣಿಯವರು ಹವಳದ ನಡುವಿನ ಕಿರಿದಾದ ಕಂಡಿಯಲ್ಲಿ ನುಸುಳಿ ಲಗೂನಿಗೆ ಬರಬೇಕು. ಈಚೆಗೆ ಕೆಲವು ದ್ವೀಪಗಳ ಪೂರ್ವ ದಂಡೆಯಲ್ಲಿ ಜೆಟ್ಟಿ ಕಟ್ಟಿದ್ದಾರೆ, ಸಮುದ್ರ ಒಪ್ಪಿದ ದಿನ ಅಲ್ಲಿ ಇಳಿಯಬಹುದು. ಒಪ್ಪದ ದಿನ ಮತ್ತದೇ ಬಾಗಿಲು, ಅದೇ ಮಣಿಕಟ್ಟು. ಯಾವ ದಿಕ್ಕಿನಲ್ಲಿ ಇಳಿಸುತ್ತೀರಿ ಎಂದು ಹಿಂದಿನ ರಾತ್ರಿ ಕೇಳಿದರೆ ಹಡಗಿನವರು ನಗುತ್ತಾರೆ. ಬೆಳಿಗ್ಗೆ ಗಾಳಿ ಹೇಳಬೇಕು.

ಲೆಕ್ಕದಲ್ಲಿ ಲಕ್ಷದ್ವೀಪವೆಂದರೆ 36 ನಡುಗಡ್ಡೆಗಳು. ಊರುಗಳಿರುವುದು ಹತ್ತರಲ್ಲಿ ಮಾತ್ರ. ಎಲ್ಲ ನೆಲವನ್ನೂ ಒಟ್ಟುಗೂಡಿಸಿದರೆ 32 ಚದರ ಕಿಲೋಮೀಟರು. ಲಗೂನುಗಳ ವಿಸ್ತಾರ ಮಾತ್ರ ಸುಮಾರು 4,200 ಚದರ ಕಿಲೋಮೀಟರು. 2011ರ ಜನಗಣತಿಯಲ್ಲಿ ಇಡೀ ಕೇಂದ್ರಾಡಳಿತ ಪ್ರದೇಶದ ಜನಸಂಖ್ಯೆ 64,473. ಬೆಂಗಳೂರಿನ ಎರಡು ಮೂರು ವಾರ್ಡುಗಳಲ್ಲಿ ಹಿಡಿಸುವಷ್ಟು ಜನ, ನೂರಾರು ಕಿಲೋಮೀಟರು ಅಗಲದ ಸಮುದ್ರದಲ್ಲಿ ಚೆದುರಿ ಬದುಕುತ್ತಿದ್ದಾರೆ.

ಕವರತ್ತಿಯ ಬಾವಿ, ಕಲ್ಪೇನಿಯ ಕಲ್ಲು

ಮೊದಲು ಸಿಕ್ಕಿದ್ದು ರಾಜಧಾನಿ ಕವರತ್ತಿ, ಕೊಚ್ಚಿಯಿಂದ ಸುಮಾರು 400 ಕಿಲೋಮೀಟರು ದೂರ. ಜೆಟ್ಟಿಯಲ್ಲಿ ಎಳನೀರು ಕೊಟ್ಟು ಬರಮಾಡಿಕೊಂಡರು. ಸರ್ಕಾರಿ ಕಚೇರಿ, ಶಾಲೆ, ಬ್ಯಾಂಕು, ಸ್ಕೂಟರುಗಳ ಓಡಾಟ ಎಲ್ಲವೂ ಇದೆ. ಅರ್ಧ ದಿನದಲ್ಲಿ ಊರು ಮುಗಿಯುತ್ತದೆ. ಉಜ್ರಾ ಮಸೀದಿಯ ಮರದ ಚಾವಣಿಯ ಕೆತ್ತನೆಯ ಮುಂದೆ ನಿಂತಾಗ ಮಾತ್ರ ಹೊತ್ತು ಹೋದದ್ದು ತಿಳಿಯಲಿಲ್ಲ.

ನನ್ನ ಕಣ್ಣು ಹೆಚ್ಚು ಹೋದದ್ದು ಮನೆಮನೆಯ ಬಾವಿಗಳ ಕಡೆಗೆ. ಸಮುದ್ರ ಕೂಗಳತೆಯಲ್ಲಿದೆ, ಬಾವಿಯಲ್ಲಿ ಸಿಹಿನೀರು! ಮಳೆನೀರು ಹವಳದ ಮರಳಿನಲ್ಲಿ ಇಂಗಿ, ಕೆಳಗಿನ ಉಪ್ಪುನೀರಿಗಿಂತ ಹಗುರವಾದ್ದರಿಂದ ಅದರ ಮೇಲೆ ತೆಳ್ಳಗೆ ತೇಲುತ್ತದೆ. ಹಾಲಿನ ಮೇಲಿನ ಕೆನೆಯ ಹಾಗೆ. ನಿಧಾನಕ್ಕೆ ಬಿಂದಿಗೆಯಲ್ಲಿ ಸೇದಿದರೆ ಸಿಹಿ, ಆಸೆಬುರುಕರಂತೆ ಪಂಪು ಹಚ್ಚಿದರೆ ಉಪ್ಪು. ಕುಡಿಯುವ ನೀರು ಸಾಲದಾದಾಗ 2005ರಲ್ಲಿ ಇಲ್ಲೊಂದು ಸ್ಥಾವರ ಶುರುವಾಯಿತು. ಆಳ ಸಮುದ್ರದ ತಣ್ಣೀರನ್ನು ಮೇಲೆತ್ತಿ, ಮೇಲ್ಮೈಯ ಬೆಚ್ಚಗಿನ ನೀರಿನ ಆವಿಯನ್ನು ಅದರಿಂದ ತಣಿಸಿ ದಿನಕ್ಕೆ ಒಂದು ಲಕ್ಷ ಲೀಟರು ಸಿಹಿನೀರು ಮಾಡುವ ವ್ಯವಸ್ಥೆ ಅದು. ಪ್ರವಾಸಿಗರನ್ನು ಹಗಲು ಮಾತ್ರ ದ್ವೀಪದಲ್ಲಿ ಬಿಟ್ಟು ರಾತ್ರಿ ಹಡಗಿಗೆ ವಾಪಸು ಕಳಿಸುವುದು ಅತಿಥಿ ಸತ್ಕಾರದ ಕೊರತೆಯೆಂದು ಮೊದಲು ಅನಿಸಿತ್ತು. ಬಾವಿ ನೋಡಿದ ಮೇಲೆ ಹಾಗೆನಿಸಲಿಲ್ಲ. ನಾವು ಬೆಳಿಗ್ಗೆಯೊಂದು ಸಂಜೆಯೊಂದು ಸ್ನಾನ ಮಾಡುವ ಜನ. ಮುನ್ನೂರು ಮಂದಿ ಒಂದು ವಾರ ಇಲ್ಲೇ ಉಳಿದರೆ ಆ ಕೆನೆ ಎಷ್ಟು ದಿನ ಉಳಿದೀತು?

ಕಲ್ಪೇನಿಯಲ್ಲಿ ಪೂರ್ವದ ದಂಡೆಗೆ ಹೋಗಿ ನೋಡಿ ಎಂದು ಊಟ ಬಡಿಸುತ್ತಿದ್ದವರು ಹೇಳಿದರು. ಪಶ್ಚಿಮದಲ್ಲಿ ಲಗೂನು, ಕಯಾಕ್, ಮುಖವಾಡ ತೊಟ್ಟು ಮೀನು ನೋಡುವವರ ಗದ್ದಲ. ಪೂರ್ವಕ್ಕೆ ಹೋದರೆ ಯಾರೂ ಇಲ್ಲ. ದಂಡೆಯುದ್ದಕ್ಕೂ ಹವಳದ ಕಲ್ಲುಗಳ ಒಡ್ಡು, ಯಾರೋ ಬೇಲಿ ಕಟ್ಟಲು ರಾಶಿ ಹಾಕಿದಂತೆ. ಅದನ್ನು ಕಟ್ಟಿದ್ದು ಬಿರುಗಾಳಿ. 1847ರ ಚಂಡಮಾರುತ ಕಲ್ಪೇನಿಯನ್ನೂ ಆಂದ್ರೋತ್ತನ್ನೂ ಬಡಿದಾಗ ಸಮುದ್ರ ತನ್ನ ತಳವನ್ನೇ ಕಿತ್ತು ದಡಕ್ಕೆ ಎಸೆಯಿತು. ಊರಿಗೆ ಊರೇ ಕೊಚ್ಚಿಹೋಯಿತು, ಬದುಕುಳಿದವರಿಗೆ ತೆಂಗೂ ಉಳಿಯಲಿಲ್ಲ. ಕಲ್ಲಿನ ಮೇಲೆ ಕುಳಿತು ಆಚೆ ನೋಡಿದೆ. ಅಂದು ಸಮುದ್ರ ಎಷ್ಟು ಸಾಧುವಾಗಿತ್ತೆಂದರೆ ಈ ಕಲ್ಲುಗಳ ಕಥೆಯನ್ನು ನಂಬುವುದೇ ಕಷ್ಟವಾಯಿತು. ದ್ವೀಪದ ಅತಿ ಎತ್ತರದ ಜಾಗವೂ ನೀರಿನ ಮಟ್ಟದಿಂದ ಕೆಲವೇ ಮೀಟರು. ಓಡಿಹೋಗುವುದಾದರೆ ಎಲ್ಲಿಗೆ?

ಒಂಬತ್ತು ಡಿಗ್ರಿ ದಾಟಿದ ರಾತ್ರಿ

ಕಲ್ಪೇನಿಯಿಂದ ಮಿನಿಕಾಯ್‌ಗೆ ಹೊರಟ ಸಂಜೆ ಹಡಗಿನ ಊಟದ ಕೋಣೆ ಅರ್ಧಕ್ಕರ್ಧ ಖಾಲಿ. ಉಳಿದ ದ್ವೀಪಗಳಿಂದ ಮಿನಿಕಾಯ್ ಅನ್ನು ಬೇರ್ಪಡಿಸುವ ಸುಮಾರು 200 ಕಿಲೋಮೀಟರು ಅಗಲದ ನೀರಿಗೆ ನೈನ್ ಡಿಗ್ರಿ ಚಾನೆಲ್ ಎಂದು ಹೆಸರು. ಉತ್ತರ ಅಕ್ಷಾಂಶ ಒಂಬತ್ತು ಡಿಗ್ರಿಯ ಗೆರೆ ಅದರ ಮೇಲೆ ಹಾಯುತ್ತದೆ. ದೊಡ್ಡ ದೊಡ್ಡ ಸರಕು ಹಡಗುಗಳು ಪೂರ್ವ ಪಶ್ಚಿಮವಾಗಿ ಓಡಾಡುವ ಹೆದ್ದಾರಿ ಇದು. ನಮ್ಮದು ಅದಕ್ಕೆ ಅಡ್ಡ ದಾಟುವ ಹಾದಿ. ಮೊದಲ ದಿನ ವಾಂತಿ ಮಾತ್ರೆಯನ್ನು ಗೇಲಿ ಮಾಡಿದ್ದ ಹುಡುಗರ ಗುಂಪೊಂದು ಈಗ ಅದನ್ನೇ ಕೇಳುತ್ತಾ ಕೋಣೆ ಕೋಣೆಗೆ ಅಲೆಯುತ್ತಿತ್ತು.

ನಿದ್ದೆ ಬಾರದೆ ಡೆಕ್ಕಿಗೆ ಬಂದೆ. ಉತ್ತರದಲ್ಲಿ ಧ್ರುವ ನಕ್ಷತ್ರ ದಿಗಂತಕ್ಕೆ ಅಂಟಿಕೊಂಡಂತೆ ಕೆಳಗಿತ್ತು. ಎಂಜಿನ್ನು ಬರುವ ಮುಂಚೆ ದ್ವೀಪದವರು ಹಾಯಿಯ ಓಡಗಳಲ್ಲಿ ಇದೇ ನಕ್ಷತ್ರ ನೋಡಿಕೊಂಡು ದಾಟುತ್ತಿದ್ದರು. ಕಮಾಲ್ ಎಂಬ ಸಣ್ಣ ಮರದ ಹಲಗೆ, ಅದರ ನಡುವಿಂದ ಗಂಟುಗಳಿರುವ ದಾರ. ದಾರವನ್ನು ಹಲ್ಲಲ್ಲಿ ಕಚ್ಚಿ ಹಲಗೆಯನ್ನು ಮುಂದೆ ಹಿಡಿದರೆ, ದಿಗಂತಕ್ಕೂ ಧ್ರುವಕ್ಕೂ ನಡುವಿನ ಎತ್ತರ ಎಷ್ಟನೇ ಗಂಟಿಗೆ ಕೂಡುತ್ತದೆ ಎಂಬುದರಿಂದ ಎಷ್ಟು ದಕ್ಷಿಣಕ್ಕೆ ಬಂದಿದ್ದೇವೆಂದು ತಿಳಿಯುತ್ತಿತ್ತು. ಊರಿಗೊಂದು ಗಂಟು. ನಾಲ್ಕು ಮೀಟರು ಎತ್ತರದ ಊರನ್ನು ಸಮುದ್ರದಲ್ಲಿ ಹುಡುಕುವುದೆಂದರೆ ಮೈದಾನದಲ್ಲಿ ಮಲಗಿದ ನಾಣ್ಯವನ್ನು ಹುಡುಕಿದಂತೆ. ಗಂಟು ತಪ್ಪಿದರೆ ಊರು ಪಕ್ಕದಲ್ಲೇ ಹಾದುಹೋದರೂ ಕಾಣದು.

ಮಿನಿಕಾಯ್‌ನಲ್ಲಿ ಇಳಿದರೆ ಬೇರೆ ದೇಶಕ್ಕೆ ಬಂದಂತೆ. ಮಿಕ್ಕ ದ್ವೀಪಗಳ ಮಾತು ಜೆಸರಿ, ಮಲಯಾಳದ ಒಂದು ಬಗೆ. ನಮ್ಮ ಮಂಗಳೂರು ಕಡೆಯ ಬ್ಯಾರಿಗಳ ಮಾತಿಗೆ ಕಿವಿ ಒಗ್ಗಿದವರಿಗೆ ಅಲ್ಲಲ್ಲಿ ಹಿಡಿತಕ್ಕೆ ಸಿಗುತ್ತದೆ. ಇಲ್ಲಿಯದು ಮಹಲ್. ಮಾಲ್ದೀವ್ಸ್‌ನ ದಿವೇಹಿಯ ಬಂಧು, ಬಲದಿಂದ ಎಡಕ್ಕೆ ಓದುವ ತಾನಾ ಲಿಪಿ. ಮಾಲ್ದೀವ್ಸ್‌ನ ಉತ್ತರ ತುದಿ ಇಲ್ಲಿಂದ ಸುಮಾರು 130 ಕಿಲೋಮೀಟರು, ಕವರತ್ತಿ ಅದರ ಎರಡರಷ್ಟು. 1885ರಲ್ಲಿ ಬ್ರಿಟಿಷರು ಕಟ್ಟಿದ ದೀಪಸ್ತಂಭ ಹತ್ತಿ ನಿಂತರೆ ದ್ವೀಪ ಪೂರ್ತಿ ಕಾಣುತ್ತದೆ. ಕುಡಗೋಲಿನಂತೆ ಬಾಗಿದ ತೆಂಗಿನ ಕಾಡು, ಒಳಬದಿಗೆ ಹಸಿರು ಲಗೂನು, ಅದರಾಚೆ ಹವಳದ ಮೇಲೆ ಒಡೆಯುವ ಅಲೆಯ ಬಿಳಿ ಗೆರೆ.

ಇಲ್ಲಿಯವರ ಬದುಕು ಕೇದರ ಮೀನಿನ ಸುತ್ತ. ಬಲೆ ಹಾಕಿ ಸಾರಾಸಗಟಾಗಿ ಬಾಚುವುದಿಲ್ಲ. ಲಗೂನಿನಲ್ಲಿ ಹಿಡಿದ ಸಣ್ಣ ಮೀನುಗಳನ್ನು ಜೀವಂತವಾಗಿ ದೋಣಿಯ ತೊಟ್ಟಿಯಲ್ಲಿಟ್ಟುಕೊಂಡು ಹೊರಸಮುದ್ರಕ್ಕೆ ಹೋಗುತ್ತಾರೆ. ಕೇದರದ ಹಿಂಡು ಕಂಡೊಡನೆ ಆ ಮೀನು ಎಸೆದು, ನೀರು ಚಿಮುಕಿಸುತ್ತಾರೆ. ನೀರಿನ ಮೇಲೆ ಮೀನಿನ ಸಂತೆಯೇ ನೆರೆದಿದೆ ಎಂದು ಕೇದರ ನುಗ್ಗುತ್ತದೆ. ಸಾಲಾಗಿ ನಿಂತವರು ಗಳದ ತುದಿಯ ಗಾಳದಿಂದ ಒಂದೊಂದನ್ನೇ ಎತ್ತಿ ಬೆನ್ನ ಹಿಂದಕ್ಕೆ ಎಸೆಯುತ್ತಾರೆ. ಹಿಡಿದದ್ದನ್ನು ಬೇಯಿಸಿ, ಹೊಗೆಗಿಟ್ಟು, ಬಿಸಿಲಿಗೆ ಒಣಗಿಸಿದರೆ ಮಾಸ್. ಮರದ ತುಂಡಿನಷ್ಟು ಗಟ್ಟಿ, ವರ್ಷವಿಟ್ಟರೂ ಕೆಡದು. ತುರಿದು ತೆಂಗಿನಕಾಯಿಯೊಂದಿಗೆ ಬೆರೆಸಿ ಕೊಟ್ಟರು. ನಮ್ಮಲ್ಲಿ ಮಳೆಗಾಲಕ್ಕೆಂದು ಒಣಮೀನು ಎತ್ತಿಡುವ ಮನೆಗಳ ಅಟ್ಟದ ವಾಸನೆ ನೆನಪಾಯಿತು.

ಮಂಗಳೂರಿಗೆ ಸೇರಿದ್ದ ದ್ವೀಪಗಳು

ಹಡಗಿನಲ್ಲಿ ನನ್ನ ಊರು ಕೇಳಿದ ವೃದ್ಧರೊಬ್ಬರು ಮಂಗಳೂರು ಎಂದಾಕ್ಷಣ "ಬಂದರಾ?" ಎಂದರು. ಅವರ ಲೆಕ್ಕದಲ್ಲಿ ಮಂಗಳೂರೆಂದರೆ ಹಂಪನಕಟ್ಟೆಯಲ್ಲ, ಮಾಲುಗಳಲ್ಲ. ಹಳೆ ಬಂದರಿನ ದಕ್ಕೆ. ಅಲ್ಲಿಂದ ಹೊರಡುವ ಮಂಜಿ ಎಂಬ ಸರಕು ದೋಣಿಗಳು ಅಕ್ಕಿ, ತರಕಾರಿ, ಸಿಮೆಂಟು, ಜಲ್ಲಿ, ಹೆಂಚು ಹೊತ್ತು ಲಕ್ಷದ್ವೀಪಕ್ಕೆ ಹೋಗುತ್ತವೆ. ಸೆಪ್ಟೆಂಬರ್ ಮಧ್ಯದಿಂದ ಮೇ ಮಧ್ಯದವರೆಗೆ ಅವುಗಳ ಸುಗ್ಗಿ, ಮಳೆಗಾಲದಲ್ಲಿ ರಜೆ. ದ್ವೀಪದಲ್ಲಿ ಕಲ್ಲೂ ಸಿಗದು, ಮಣ್ಣೂ ಸಿಗದು. ಅಲ್ಲಿ ಮನೆ ಕಟ್ಟುವುದೆಂದರೆ ಮೊದಲು ಸಮುದ್ರ ದಾಟಿಸಬೇಕು.

ಈ ನಂಟು ವ್ಯಾಪಾರದ್ದಷ್ಟೇ ಅಲ್ಲ. ದ್ವೀಪಗಳು ಕಣ್ಣೂರಿನ ಅರಕ್ಕಲ್ ಮನೆತನದ ಆಳ್ವಿಕೆಯಲ್ಲಿದ್ದಾಗ ತೆಂಗಿನ ನಾರಿನ ವ್ಯಾಪಾರವೆಲ್ಲ ಅವರದೇ ಹಿಡಿತದಲ್ಲಿತ್ತು. ಅದರಿಂದ ಬೇಸತ್ತ ಅಮಿನಿ ದ್ವೀಪದವರು 18ನೇ ಶತಮಾನದ ಕೊನೆಯ ದಶಕಗಳಲ್ಲಿ ಮಂಗಳೂರಿಗೆ ಬಂದು ಟಿಪ್ಪು ಸುಲ್ತಾನನ ಮೊರೆಹೊಕ್ಕರು. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ ಹೀಗೆ ಟಿಪ್ಪುವಿನ ಕೈಸೇರಿದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಬ್ರಿಟಿಷರ ಪಾಲಾಗಿ ಕೆನರಾ ಜಿಲ್ಲೆಗೆ ಸೇರಿದವು. ಅಲ್ಲಿಂದ ಮುಂದೆ ಒಂದೂವರೆ ಶತಮಾನ ಅವುಗಳ ಜಿಲ್ಲಾಧಿಕಾರಿ ಕುಳಿತದ್ದು ಮಂಗಳೂರಿನಲ್ಲಿ. ಅಮಿನಿಯಲ್ಲಿ ಮೊನೆಗಾರನೆಂಬ ಅಧಿಕಾರಿ. ದ್ವೀಪದ ನಾರು ಈಚೆಗೆ, ಬದಲಿಗೆ ಅಕ್ಕಿ ಆಚೆಗೆ.

1956ರ ನವೆಂಬರ್ 1 ನಮಗೆ ರಾಜ್ಯೋದಯದ ದಿನ. ಅದೇ ದಿನ ಹಳೆಯ ದಕ್ಷಿಣ ಕನ್ನಡ ಮೂರು ಹೋಳಾಯಿತು. ಮುಖ್ಯಭಾಗ ಮೈಸೂರು ರಾಜ್ಯಕ್ಕೆ, ಕಾಸರಗೋಡು ಕೇರಳಕ್ಕೆ, ಈ ಐದು ದ್ವೀಪಗಳು ಹೊಸ ಕೇಂದ್ರಾಡಳಿತ ಪ್ರದೇಶಕ್ಕೆ. ಕಾಸರಗೋಡಿಗಾಗಿ ನಾವು ಪಟ್ಟ ಸಂಕಟಕ್ಕೆ ಲೆಕ್ಕವಿಲ್ಲ. ಅಮಿನಿ ಹೋದದ್ದು ಮಾತ್ರ ಯಾರ ನೆನಪಿನಲ್ಲೂ ಉಳಿಯಲಿಲ್ಲ. ನಕ್ಷೆಯ ಮೇಲೆ ಗೆರೆ ಎಳೆದರೆ ಅಮಿನಿಗೆ ಮಂಗಳೂರಿನಿಂದ ಸುಮಾರು 300 ಕಿಲೋಮೀಟರು, ಕೊಚ್ಚಿಯಿಂದ 400. ಆದರೂ ದ್ವೀಪಗಳಿಗೆ ಹೋಗಲು ನಾನು ಕೊಚ್ಚಿಗೆ ರೈಲು ಹತ್ತಿದ್ದೆ.

ಕೆಳಗಿನ ಅಂತಸ್ತಿನ ಪ್ರಯಾಣ

ನಮ್ಮ ಹಡಗಿನಲ್ಲಿ ಸುಮಾರು 700 ಜನಕ್ಕೆ ಜಾಗ. ಪ್ರವಾಸಿಗರಿಗೆ ಎ.ಸಿ. ಕೋಣೆ. ಕೆಳಗೆ ಸಾಲು ಸಾಲು ಬಂಕುಗಳಲ್ಲಿ ದ್ವೀಪದವರು. ಒಂದು ಮಧ್ಯಾಹ್ನ ಚಹಾ ಹಿಡಿದು ಅಲ್ಲಿಗೆ ಇಳಿದೆ. ಮೇಲಿನ ಅಂತಸ್ತಿನಲ್ಲಿ ಎಲ್ಲರ ಬಾಯಲ್ಲೂ "ನಾಳೆ ಯಾವ ದ್ವೀಪ" ಎಂಬ ಮಾತು. ಇಲ್ಲಿ ಬೇರೆ ಮಾತು. ಕೊಚ್ಚಿಯ ಆಸ್ಪತ್ರೆಯಲ್ಲಿ ಅಮ್ಮನ ಆಪರೇಷನ್ ಮುಗಿಸಿ ಕರೆದೊಯ್ಯುತ್ತಿರುವ ಮಗ, ಕಾಲೇಜಿನ ರಜೆಗೆ ಹೊರಟ ಹುಡುಗಿಯರು, ಪಕ್ಕದ ದ್ವೀಪದ ಮದುವೆಗೆ ಹೋಗಿ ಹಡಗು ಬಾರದೆ ಅಲ್ಲೇ ಉಳಿದು ಈಗ ಮರಳುತ್ತಿರುವ ದಂಪತಿ. ಒಂದು ದಿನದ ಮದುವೆಗೆ ಎಷ್ಟು ದಿನ ಹಿಡಿಯಿತು ಎಂದೆ. ಗಂಡ ಬೆರಳು ಮಡಚಿ ಎಣಿಸತೊಡಗಿದ, ಹೆಂಡತಿ ಅವನ ಕೈ ಹಿಡಿದು ಸುಮ್ಮನಿರಿಸಿದಳು.

ನಮಗೆ ದ್ವೀಪದಿಂದ ದ್ವೀಪಕ್ಕೆ ಹೋಗುವುದು ರಜೆಯ ಸೊಗಸು. ಅವರಿಗೆ ಅದು ನಮ್ಮ ತಾಲ್ಲೂಕು ಕಚೇರಿಯ ಬಸ್ಸು. ಹೆರಿಗೆ ತೊಡಕಾದರೆ, ಎದೆನೋವು ಬಂದರೆ ಹೆಲಿಕಾಪ್ಟರು ಬರಬೇಕು, ಅದು ಬರಲು ಹವಾಮಾನ ಒಪ್ಪಬೇಕು. ಸಮುದ್ರವೇ ಕೈ ಎತ್ತಿದ ಮೇಲೆ ಯಾರನ್ನು ಬೈಯುವುದು ಎನ್ನುವ ತಾಳ್ಮೆ ಅವರದು. ಆದರೆ ಹಡಗಿನ ಟಿಕೆಟು ಸಿಗದ ದಿನ ಆ ತಾಳ್ಮೆ ಇರುವುದಿಲ್ಲ ಎಂಬುದನ್ನೂ ಅವರೇ ಹೇಳಿದರು. ಯಾಕಿರಬೇಕು?

ಇನ್ನೊಂದು ಆತಂಕ ಲಗೂನಿನ ನೀರಿನೊಳಗಿದೆ. 1998, 2010 ಮತ್ತು 2016ರಲ್ಲಿ ಸಮುದ್ರ ಬಿಸಿಯೇರಿ ಇಲ್ಲಿಯ ಹವಳ ಬಿಳುಚಿ ಸತ್ತಿತು. ಮತ್ತೆ ಚಿಗುರುವಷ್ಟರಲ್ಲಿ ಮತ್ತೊಂದು ಪೆಟ್ಟು. ನೆಲವನ್ನು ಕಟ್ಟುವ ಜೀವಿಯೇ ಸೋತರೆ ನೆಲ ಎಲ್ಲಿಂದ ಬರಬೇಕು? ಬಂಗಾರಂ ಸುತ್ತಿನ ಪರಳಿ-1 ಎಂಬ ಜನವಿಲ್ಲದ ನಡುಗಡ್ಡೆ ಈಗಾಗಲೇ ಕೊರೆದು ಕರಗಿಹೋಗಿದೆ. 36 ಎಂಬ ಲೆಕ್ಕವನ್ನು ಪಠ್ಯಪುಸ್ತಕ ಇನ್ನೂ ಹೇಳುತ್ತಿರಬಹುದು, ಸಮುದ್ರ ಒಂದನ್ನು ಕಳೆದಿದೆ.

ಹೋಗುವವರಿಗೆ ನಾಲ್ಕು ಮಾತು. ದ್ವೀಪದವರಲ್ಲದ ಯಾರಿಗಾದರೂ ಪ್ರವೇಶ ಪರವಾನಗಿ ಬೇಕು. ತಿಂಗಳುಗಳ ಮುಂಚೆಯೇ ಓಡಾಡಿ. ವಿಮಾನದಲ್ಲಾದರೆ ಅಗತ್ತಿಗೆ, ಹಡಗಿನಲ್ಲಾದರೆ ಕೊಚ್ಚಿಯಿಂದ. ಮಳೆಗಾಲದಲ್ಲಿ ಆಸೆ ಬಿಡಿ. ಹವಳದ ಒಂದು ಚೂರನ್ನೂ ಚೀಲಕ್ಕೆ ಹಾಕಬೇಡಿ, ಅದು ಅಪರಾಧ. ಅಪರಾಧವಲ್ಲದಿದ್ದರೂ ಅದು ಅವರ ಮನೆಯ ಅಡಿಪಾಯ. ವಾಪಸಾಗುವ ದಿನಕ್ಕೆ ಒತ್ತಿಕೊಂಡು ರೈಲಿನ ಟಿಕೆಟು ಕಾಯ್ದಿರಿಸಬೇಡಿ. ನಾನು ಕಾಯ್ದಿರಿಸಿದ್ದೆ. ಆ ರೈಲು ನನ್ನನ್ನು ಬಿಟ್ಟು ಹೋಯಿತು.

ಊರಿಗೆ ಬಂದ ಮರುವಾರ ಬಂದರಿನ ದಕ್ಕೆಗೆ ಹೋದೆ. ವರ್ಷಗಟ್ಟಲೆ ಈ ಊರಿನಲ್ಲಿದ್ದೂ ಅಲ್ಲಿಗೆ ಹೋದದ್ದು ಮೀನಿಗಾಗಿ ಮಾತ್ರ. ಮಂಜಿಯೊಂದಕ್ಕೆ ಸರಕು ತುಂಬುತ್ತಿದ್ದರು. ಈರುಳ್ಳಿ ಮೂಟೆ, ಎಲೆಕೋಸು, ಸಿಮೆಂಟು, ಪ್ಲಾಸ್ಟಿಕ್ ಕುರ್ಚಿಗಳ ಒಂದು ಕಟ್ಟು. ಎಲ್ಲಿಗೆ ಎಂದು ಕೇಳಿದೆ. "ಅಮಿನಿ" ಎಂದ ಹಮಾಲಿ, ಪಕ್ಕದ ಬೀದಿಯ ಹೆಸರು ಹೇಳಿದಂತೆ. ನದಿಯ ನೀರು ಅಲುಗುತ್ತಿತ್ತು, ಮಂಜಿಯ ಅಂಚು ದಕ್ಕೆಯ ಕಲ್ಲಿಗಿಂತ ಒಂದು ಗೇಣು ಮೇಲೆ, ಮತ್ತೆ ಒಂದು ಗೇಣು ಕೆಳಗೆ. ಬೆನ್ನ ಮೇಲೆ ಐವತ್ತು ಕಿಲೋ ಹೊತ್ತವನು ಅಂಚಿನಲ್ಲಿ ಒಂದು ಉಸಿರಿನಷ್ಟು ತಡೆದು ನಿಂತ. ನನಗರಿವಿಲ್ಲದೆಯೇ ನನ್ನ ಬಾಯಿಂದ "ಈಗ" ಎಂದು ಬಂತು. ಅವನು ಅಷ್ಟರಲ್ಲಾಗಲೇ ದಾಟಿದ್ದ.